ಸರಕಾರಿ ವಕೀಲನಾಗಲು ಬೇಕಾದ ಹೊಟ್ಟೆ

ಹಿರಿಯ ಸರಕಾರಿ ವಕೀಲನಾಗಲು ಏನೇನು ಬೇಕು ಎಂದು ನನ್ನನ್ನು ಕೇಳಿ, ಹೇಳುತ್ತೇನೆ. ಕಾನೂನು ಪದವಿ ಬೇಕು, ನನಗಿದೆ. ಸನ್ನದು ಬೇಕು, ಅದು ಹುಮನಾಬಾದಿನ ನಮ್ಮ ಮನೆಯ ಗೋಡೆಯ ಮೇಲೆ ದಿವಂಗತ ಮಾವನವರ ಫೋಟೋದ ಪಕ್ಕದಲ್ಲೇ ತೂಗುತ್ತಿದೆ. ವರ್ಷಗಟ್ಟಲೆ ವಕೀಲಿ ಮಾಡಿರಬೇಕು, ತಲೆಗೂದಲು ಉದುರುವಷ್ಟು ಮಾಡಿದ್ದೇನೆ. ನಡತೆ ಚೆನ್ನಾಗಿರಬೇಕು. (ಕೆಡಿಸಿಕೊಳ್ಳಲು ಹೆಂಡತಿ ರೂಪಾಲಿ ಪುರಸೊತ್ತು ಕೊಟ್ಟರೆ ತಾನೆ!) ಇಷ್ಟೆಲ್ಲ ಇದ್ದವನನ್ನು ಅಡ್ಡಗಟ್ಟಿದ್ದು ಭಜ್ಜಿ.

ಅರ್ಜಿ ಹಾಕಿ ಗುರುಗಳಾದ ಏಕನಾಥರಾವ್ ಸಾಹೇಬರ ಆಶೀರ್ವಾದಕ್ಕೆ ಹೋದೆ. ಸರಕಾರಿ ವಕೀಲರಾಗಿಯೇ ನಿವೃತ್ತರಾದವರು.

"ಸೂರ್ಯಕಾಂತ, ಈ ನೌಕರ್‍ಯಾಗ ಯಾರ ಉಪ್ಪೂ ತಿನಬಾರದು. ಇವತ್ತ ಚಾ ಕುಡಿಸಿದಾಂವ ನಾಳೆ ಕಟಕಟಿಯಾಗ ನಿಂತಿರ್ತಾನ" ಎಂದರು.

ನೇಮಕವಾಗುವವರೆಗೆ ಯಾಕೆ ಕಾಯಬೇಕು, ಇಂದಿನಿಂದಲೇ ನಿಷ್ಪಕ್ಷಪಾತಿಯಾಗಿಬಿಡೋಣ ಎಂದು ಭೀಷ್ಮಪ್ರತಿಜ್ಞೆ ಮಾಡಿದೆ. ಆ ವಾರವೇ ಎಳ್ಳಮಾವಾಸ್ಯೆ ಎಂಬುದು ಭೀಷ್ಮನ ನೆನಪಿಗೆ ಬರಲಿಲ್ಲ.

ನಮ್ಮ ಕಡೆ ಆ ದಿನ ಊರಿಗೂರೇ ಹೊಲದಲ್ಲಿರುತ್ತದೆ. ಗುರುತಿರಲಿ ಬಿಡಲಿ, ದಾರಿಹೋಕನ ಕೈಹಿಡಿದು ಕೂರಿಸಿ ಹತ್ತೆಂಟು ಕಾಳು, ಕಾಯಿಪಲ್ಲೆ ಕೂಡಿಸಿ ಕುದಿಸಿದ ಭಜ್ಜಿ, ಸಜ್ಜೆ ರೊಟ್ಟಿ ಬಡಿಸುತ್ತಾರೆ. ಕೋರ್ಟು ಹತ್ತಿದ ದಾಯಾದಿಗಳೂ ಅಂದು ಒಲ್ಲೆ ಎನ್ನುವುದಿಲ್ಲ. ಬಸವಕಲ್ಯಾಣದ ಬಳಿ ಮೋರಖಂಡಿಯಲ್ಲಿ ನನ್ನ ಅತ್ತೆ ಯಶೋದಾಬಾಯಿಯವರ ಹೊಲ. ಅಲ್ಲಿಗೆ ಹೋಗಲು ಹತ್ತಾರು ಹೊಲ, ಅಂದರೆ ಹತ್ತಾರು ಭಜ್ಜಿ, ದಾಟಬೇಕು.

"ವಕೀಲ್ ಸಾಬ್ರ, ಬರ್ರಿ, ಎರಡು ತುತ್ತು ಉಣ್ರಿ!"

"ಬ್ಯಾಡ್ರಿ. ನಿಮ್ಮದು ಬದುವಿನ ತಕರಾರು ಅದ."

ಮುಂದಿನ ಹೊಲದವರಿಗೆ ಯಾವ ತಕರಾರೂ ಇರಲಿಲ್ಲ. "ಮುಂದ ಆಗಬಹುದು" ಎಂದು ದಾಟಿದೆ. ಹಿಂದೆ ಗುಸುಗುಸು ಶುರುವಾಯಿತು. ಬುಟ್ಟಿ ಹೊತ್ತು ನನ್ನ ಜೊತೆ ಬರುತ್ತಿದ್ದ ರೂಪಾಲಿ ಗಕ್ಕನೆ ನಿಂತಳು.

"ಏನ್ರೀ, ಹುಚ್ಚು ಗಿಚ್ಚು ಹಿಡದದೇನು? ಹಬ್ಬದ ದಿನಾ ಮಂದಿ ತಾಟು ದೂಡಾಕತ್ತೀರಿ!"

"ಇದು ವೃತ್ತಿಧರ್ಮ, ರೂಪಾಲಿ."

"ಹೌದಾ? ನಮ್ಮವ್ವನ ಹೊಲ ಜರಾ ರಸ್ತೇಕ ಹೋಗ್ಯಾದಂತ ಅಕಿನೂ ಸರಕಾರದ ಮ್ಯಾಲ ಕೇಸ್ ಹಾಕ್ಯಾಳ. ಅಕಿ ಕೈಲೇನೂ ಉಣ್ಣಂಗಿಲ್ಲೇನು?"

ಇದನ್ನು ನಾನು ಯೋಚಿಸಿರಲಿಲ್ಲ. ಆದರೆ ಹಿಡಿದ ವಾದ ಬಿಟ್ಟರೆ ಅವನೆಂಥ ವಕೀಲ? "ಕಾನೂನಿನ ಪ್ರಕಾರ... ಇಲ್ಲ" ಎಂದೆ.

"ಛಲೋ ಆತು" ಎಂದಳು. (ಹೆಂಡತಿ ಇಷ್ಟು ಚುಟುಕಾಗಿ ಒಪ್ಪಿಕೊಂಡರೆ ಏನರ್ಥವೆಂದು ಮದುವೆಯಾದವರಿಗೆ ಬಿಡಿಸಿ ಹೇಳಬೇಕಿಲ್ಲ.)

ಅತ್ತೆಯ ಹೊಲದಲ್ಲಿ ಜೋಳದ ದಂಟಿನ ಕೊಂಪೆಯ ಮುಂದೆ ಪಂಕ್ತಿ ಕೂತಿತ್ತು. ಪಂಕ್ತಿಯ ನಡುವೆ, ಭಜ್ಜಿಯಲ್ಲಿ ಮೊಣಕೈವರೆಗೆ ಮುಳುಗಿದ್ದವರು ಯಾರು? ಏಕನಾಥರಾವ್ ಸಾಹೇಬರು!

"ಸಾಹೇಬ್ರ, ಯಾರ ಉಪ್ಪೂ ತಿನಬಾರದು ಅಂದ್ರಿ?"

"ನಾ ರಿಟೈರ್ ಆಗೀನಲ್ಲೋ! ನೀ ಇನ್ನಾ ಸರಕಾರಿ ವಕೀಲ ಆಗೇ ಇಲ್ಲ. ನಿನಗ್ಯಾರು ಉಪಾಸ ಇರು ಅಂದಾರು?"

ಅವರ ಪಕ್ಕದಲ್ಲಿ ಕಡುಬು ಮುರಿಯುತ್ತಿದ್ದವರು ಹವಾಲ್ದಾರ ಅಜೀಮುದ್ದೀನ್. ಅರ್ಜಿ ಹಾಕಿದವನ ನಡತೆಯ ಪೊಲೀಸ್ ವಿಚಾರಣೆ ಅವರ ಪಾಲಿಗೇ ಬಂದಿತ್ತು.

"ವಕೀಲ್ ಸಾಬ್, ನಿಮಗಿಂತ ಮೊದಲ ನಿಮ್ಮ ಸುದ್ದಿ ಹೊಲದಿಂದ ಹೊಲಕ್ಕ ಹಾರಿ ಇಲ್ಲಿಗೆ ಬಂದದ. ಎಲ್ಲಾರದೂ ಒಂದೇ ಮಾತು. ಎಳ್ಳಮಾವಾಸಿ ಭಜ್ಜಿ ಒಲ್ಲೆ ಅಂದಾಂವ, ಭಾಳ ಸೊಕ್ಕಿನ ಮನಷ್ಯಾ ಅಂತಾರ. ನಾ ಏನು ಬರೀಲಿ?"

ನನ್ನ ಹೊಟ್ಟೆಯಲ್ಲಿ ಹಸಿವಿದ್ದ ಜಾಗಕ್ಕೆ ಹೆದರಿಕೆ ಬಂತು. ಇಷ್ಟು ವರ್ಷ ಕಂಡ ಕನಸು ಒಂದು ಗಡಿಗೆ ಭಜ್ಜಿಯಲ್ಲಿ ಮುಳುಗುವುದರಲ್ಲಿತ್ತು. "ವೃತ್ತಿಧ..." ಎನ್ನುವಷ್ಟರಲ್ಲಿ ರೂಪಾಲಿ ಮುಂದೆ ಬಂದಳು.

"ಸೊಕ್ಕಲ್ರಿ ಚಾಚಾ. ಮುಂಜಾನಿಂದ ಇವರಿಗೆ ಹೊಟ್ಟಿ ಕೆಟ್ಟದ. ನಾಕು ಸಲ ತಂಬಗಿ ಹಿಡದು ಓಡ್ಯಾರ. ಹೇಳಾಕ ನಾಚಿಕಿ, ಅದಕ್ಕ ತಕರಾರು ಗಿಕರಾರು ಅಂತ ನೆಪ ಹೇಳ್ಯಾರ."

ಪಂಕ್ತಿಯೆಲ್ಲ ನನ್ನ ಹೊಟ್ಟೆಯನ್ನೇ ನೋಡಿತು.

"ಖರೇನ್ರಿ?" ಅಜೀಮುದ್ದೀನ್ ಕೇಳಿದರು.

ನಾನು ರೂಪಾಲಿಯ ಕಣ್ಣು ನೋಡಿದೆ. "ಖರೇ ಅದರಿ" ಎಂದೆ.

ಮೋರಖಂಡಿ ಕರಗಿಹೋಯಿತು. ನಾನು ಒಲ್ಲೆ ಎಂದವರೆಲ್ಲ ಅಜವಾನ, ಮೆಂತ್ಯ ಹಿಡಿದು ಓಡಿಬಂದರು. ಬದುವಿನ ತಕರಾರಿನವನಂತೂ ದಾಳಿಂಬೆ ಸಿಪ್ಪೆಯ ಕಷಾಯವನ್ನು ಅಲ್ಲೇ ಕುದಿಸಿದ. ಅತ್ತೆ ಕಣ್ಣೊರೆಸಿಕೊಂಡು, "ಭಜ್ಜಿ ಗಡಿಗಿ ಆ ಕಡಿ ಇಡ್ರೆವ್ವಾ, ಅಳಿಯಾರಿಗೆ ಕಂಡ್ರ ಆಸಿ ಆದೀತು" ಎಂದರು.

"ಒಂದ ತುತ್ತು ಕೊಡ..." ಎಂದು ರೂಪಾಲಿಯ ಕಿವಿಯಲ್ಲಿ ಅಂಗಲಾಚಿದೆ.

"ಕಾನೂನಿನ ಪ್ರಕಾರ ಇಲ್ಲ" ಎಂದಳು, ಅಷ್ಟೇ ಮೆಲ್ಲಗೆ.

ಅಜೀಮುದ್ದೀನ್ ಕೈ ತೊಳೆದು, "ಒಳ್ಳೇ ಮನಷ್ಯಾ, ಊರವರ ಪ್ರೀತಿ ಭಾಳ ಅದ ಅಂತ ಬರೀತೀನಿ" ಎಂದು ಹೊರಟರು. ಏಕನಾಥರಾವ್ ಸಾಹೇಬರು ಡರ್ರನೆ ತೇಗಿ ನನ್ನ ಬೆನ್ನು ತಟ್ಟಿದರು.

"ಭೇಷ್! ಇಷ್ಟು ದಿನಾ ನಿನ್ನಾಗ ಒಂದು ಅರ್ಹತಾ ಕಡಿಮಿ ಇತ್ತು, ಇವತ್ತ ಬಂತು. ಸರಕಾರ ಏನಂದ್ರೂ ಮಾರಿ ಬಿಗಿ ಹಿಡದು 'ಖರೇ ಅದ' ಅನಬೇಕು. ಸರಕಾರಿ ವಕೀಲಗ ಅದೇ ಬೇಕಾದದ್ದು."

ಅಷ್ಟರಲ್ಲಿ ನಮ್ಮ ಮನೆಯ ಸರಕಾರ ಕಹಿ ಕಷಾಯದ ಎರಡನೇ ಲೋಟ ತುಂಬಿ ತಂದಿತು.

"ಕುಡೀರಿ. ಭಾಳ ರುಚಿ ಅದ, ಅಲ್ಲೇನ್ರೀ?"

"ಖರೇ ಅದ" ಎಂದೆ.