ತೊಳೆದು ಕೊಟ್ಟ ಕಷಾಯದ ಮಡಕೆ

ಎರವಲು ತಂದದ್ದನ್ನು ತೊಳೆದು, ಒರೆಸಿ, ಹೊತ್ತಿಗೆ ಸರಿಯಾಗಿ ಹಿಂದಿರುಗಿಸುವುದು ಸಭ್ಯರ ಲಕ್ಷಣ ಎಂದು ಪೆಯ್‌ವೆನ್‌ಗೆ ಶಾಂಘೈಯ ಶಾಲೆಯಲ್ಲಿ ಕಲಿಸಿದ್ದರು. ಅದೇ ಪಾಠ ಗಂಡನ ಊರಾದ ಚೆಂಗ್ಡುವಿನ ಓಣಿಯಲ್ಲಿ ಅವಳ ಮಾನ ಕಳೆದೀತೆಂದು ಯಾರೂ ಹೇಳಿರಲಿಲ್ಲ.

ಈಗ ಆ ಓಣಿಯೇ ಇಲ್ಲ. ಯಾರ ಮನೆಯಲ್ಲಿ ಯಾರಿಗೆ ಕೆಮ್ಮು, ಯಾರಿಗೆ ಅಜೀರ್ಣ ಎಂಬುದು ಒಲೆಯ ಮೇಲಿನ ಬೇರುನಾರಿನ ವಾಸನೆಯಿಂದಲೇ ಊರಿಗೆಲ್ಲ ತಿಳಿಯುತ್ತಿದ್ದ ಕಾಲವದು. ಎರಡು ವರ್ಷದ ಮಗಳು ದೋದೋಗೆ ಕೆಮ್ಮು ಹತ್ತಿತು. ಅತ್ತೆ ತಂಗಿಯ ಊರಿಗೆ ಹೋಗಿದ್ದರು. ಪೆಯ್‌ವೆನ್ ದಿನಕ್ಕೆ ಹದಿನೇಳು ಸಲ ಜ್ವರ ಅಳೆದಳು (ಜ್ವರ ಇರಲೇ ಇಲ್ಲ). ಮುದಿ ವೈದ್ಯರು ಹಿಪ್ಪುನೇರಳೆ ಎಲೆ, ಸೇವಂತಿಗೆ, ಜ್ಯೇಷ್ಠಮಧು ಕಟ್ಟಿಕೊಟ್ಟು, “ಮಣ್ಣಿನ ಮಡಕೆಯಲ್ಲೇ ಕುದಿಸಮ್ಮ” ಎಂದರು. ಪಕ್ಕದ ಮನೆಯ ಲುವೋ ಚಿಕ್ಕಮ್ಮ ತಮ್ಮ ಮಡಕೆ ಕೊಟ್ಟರು. ಪೆಯ್‌ವೆನ್ ಕೆಲಸಕ್ಕೆ ಹೋದಾಗ ದೋದೋವನ್ನು ನೋಡಿಕೊಳ್ಳುತ್ತಿದ್ದವರೂ ಅವರೇ.

ನಾಲ್ಕೇ ದಿನಕ್ಕೆ ಕೆಮ್ಮು ಮಾಯ! ಪೆಯ್‌ವೆನ್ ಮಡಕೆಯ ಇಪ್ಪತ್ತು ವರ್ಷದ ಕರಿಯನ್ನೆಲ್ಲ ಉಜ್ಜಿ, ಒಳಗೆ ಆರು ಕಿತ್ತಳೆ ಇಟ್ಟು (ಬರಿದಾಗಿ ಕೊಡಬಾರದಲ್ಲ!) ಒಯ್ದಳು.

“ನಾನು ನಿನಗೇನು ಅನ್ಯಾಯ ಮಾಡಿದ್ದೆ ತಾಯಿ?” ಎಂದವರೇ ಚಿಕ್ಕಮ್ಮ ಬಾಗಿಲು ಹಾಕಿಕೊಂಡರು. ಮಡಕೆ ಹೊಸ್ತಿಲ ಮೇಲೇ ಉಳಿಯಿತು. ದೋದೋ ಆ ಬಾಗಿಲು ತಟ್ಟಿ ತಟ್ಟಿ ಅತ್ತಳು. ಸೋಮವಾರ ಮಗುವನ್ನು ಯಾರ ಕೈಗೆ ಕೊಡುವುದು?

ಊರಿಂದ ಬಂದ ಅತ್ತೆ ಹಣೆ ಚಚ್ಚಿಕೊಂಡರು. “ಅಯ್ಯೋ ಪುಣ್ಯಾತ್ಗಿತ್ತಿ! ಕಷಾಯದ ಮಡಕೆ ಯಾರಾದ್ರೂ ವಾಪಸ್ ಕೊಡ್ತಾರಾ? ಮಗು ಕಾಯಿಲೆನ ಗಂಟು ಕಟ್ಟಿ ಅವಳ ಹೊಸ್ತಿಲಿಗೆ ಇಟ್ಟಂಗಾಯ್ತು!”

“ಮತ್ತೆ ಅವರಿಗೆ ಬೇಕಾದ್ರೆ?”

“ಅವಳೇ ಬಂದು ಕೇಳಿ ತಗೊಂಡೋಗ್ತಾಳೆ.”

“ಇದು ಯಾವ ಪುಸ್ತಕದಲ್ಲಿದೆ, ಅತ್ತೆ?”

“ಪುಸ್ತಕದಲ್ಲಿದ್ದಿದ್ರೆ ನಿಂಗೆ ಗೊತ್ತಿರ್ತಿತ್ತಲ್ಲ! ಇನ್ನೇನು, ಮತ್ತೆ ಕಾಯಿಲೆ ಬಂತೂಂತ ಹೋಗಿ ಮಡಕೆ ಕೇಳು. ಕಾಯಿಲೆ ಅವಳ ಬಾಗಿಲಿಂದ ಎದ್ದು ಬಂದಂಗಾಗುತ್ತೆ.”

ಆದರೆ ಕಾಯಿಲೆ ಯಾರಿಗೆ? ದೋದೋ ಚೆಂಡಿನಂತೆ ಉರುಳಾಡುತ್ತಿದ್ದಳು. “ನನ್ನ ನೋಡಬೇಡ, ನಾನು ಗುಂಡುಕಲ್ಲು” ಎಂದರು ಅತ್ತೆ. ಪತಿರಾಯರು ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದರು. ಉಳಿದವಳು ಪೆಯ್‌ವೆನ್. ಹೋಗಿ ಚಿಕ್ಕಮ್ಮನ ಬಾಗಿಲಲ್ಲಿ ನಿಂತು, ಕಲ್ಲೂ ಕರಗುವಂತೆ ಕೆಮ್ಮಿದಳು.

ಬಾಗಿಲು ತೆರೆಯಿತು. ಚಿಕ್ಕಮ್ಮ ನಾಡಿ ಹಿಡಿದರು, ನಾಲಗೆ ನೋಡಿದರು, ನಿಟ್ಟುಸಿರಿಟ್ಟರು. “ತುಂಬಾ ಆಳಕ್ಕೆ ಇಳಿದಿದೆ. ಮಡಕೆ ಎತ್ಕೋ. ಕಷಾಯ ಮಾತ್ರ ನಾನೇ ಬಂದು ಕುದಿಸ್ತೀನಿ.”

ಕುದಿಸಿದರು. ಹುವಾಂಗ್‌ಲಿಯನ್ ಎಂಬ ಹಳದಿ ಬೇರು! ಬೇವು ಅದರ ಮುಂದೆ ಬೆಲ್ಲ. ಬಟ್ಟಲಿನ ಕೊನೆಯ ತೊಟ್ಟು ಇಳಿಯುವ ತನಕ ಚಿಕ್ಕಮ್ಮ ದೋದೋವನ್ನು ಸೊಂಟದ ಮೇಲಿಟ್ಟುಕೊಂಡು ಎದುರಿಗೇ ನಿಂತಿರುತ್ತಿದ್ದರು. ಮಗಳು ಮತ್ತೆ ಆ ಸೊಂಟ ಏರಿದ್ದನ್ನು ಕಂಡು ಪೆಯ್‌ವೆನ್ ಕಹಿ ನುಂಗಿಕೊಂಡಳು.

ಮೂರನೆಯ ದಿನ ಅವಳ ಧೈರ್ಯ ಉಡುಗಿತು. “ಚಿಕ್ಕಮ್ಮಾ, ಈಗ ಕೆಮ್ಮು ಪೂರಾ ಹೋಗಿದೆ.”

“ಕೆಮ್ಮು ಮೊದಲೂ ಇರ್ಲಿಲ್ಲ ಕಣೇ,” ಎಂದರು ಚಿಕ್ಕಮ್ಮ, ಮಗುವಿನ ಮೂಗು ಒರೆಸುತ್ತಾ. “ಇದು ಓದಿದ್ದು ತಲೆಗೆ ಏರಿದ್ದಕ್ಕೆ ಔಷಧಿ. ಇನ್ನೂ ನಾಲ್ಕು ದಿನ ಇದೆ. ಹ್ಞೂಂ, ಬಾಯಿ ತೆಗಿ.”