ಮಿಣುಕುವ ಟ್ಯೂಬಿಗೆ ಕೈ ಹಾಕಿದವರು

ಕರೆಂಟ್ ಬಂದ್ ಮಾಡದೆ ಟ್ಯೂಬ್‌ಲೈಟ್ ಮುಟ್ಟಬಾರದು. ನಿಯಮ ಇಷ್ಟೇ. ಬೈಲಹೊಂಗಲದ ನನ್ನ ರಿಪೇರಿ ಅಂಗಡಿಯ ಬಾಗಿಲ ಮೇಲೆ ಕೆಂಪು ಬಣ್ಣದಲ್ಲಿ ಬರೆಸಿದ್ದೇನೆ. ಕೆಲಸ ಕಲಿಯುವಾಗ ಒಮ್ಮೆ ಇದನ್ನು ಮೀರಿ ಸ್ಟೂಲಿನಿಂದ ಬಿದ್ದೆ; ಬಲಗೈಯ ಮೊಣಕೈ ಇಂದಿಗೂ ಪೂರ್ತಿ ನೆಟ್ಟಗಾಗುವುದಿಲ್ಲ. ಅದನ್ನು ಎಲ್ಲರಿಗೂ ತೋರಿಸುತ್ತೇನೆ. ಎಲ್ಲರೂ ನೋಡಿ ಲೊಚಗುಟ್ಟುತ್ತಾರೆ. ಆಮೇಲೆ ಮನೆಗೆ ಹೋಗಿ ಸ್ವಿಚ್ ಹಾಕಿಟ್ಟುಕೊಂಡೇ ಟ್ಯೂಬ್ ತಿರುವುತ್ತಾರೆ. ಎಲ್‌ಇಡಿ ಬಂದ ಮೇಲಾದರೂ ಈ ಕಾಟ ತಪ್ಪೀತು ಅಂದುಕೊಂಡಿದ್ದೆ. ತಪ್ಪಿಲ್ಲ.

ಡ್ರಾಯಿಂಗ್ ಮಾಸ್ತರರು

ಕಿತ್ತೂರಿನ ಕಡೆ ಒಂದು ಶಾಲೆ. ನಾನು ಹೋದಾಗ ಡ್ರಾಯಿಂಗ್ ಮಾಸ್ತರರು ಟೇಬಲ್ ಮೇಲೆ ಬೆಂಚ್, ಬೆಂಚಿನ ಮೇಲೆ ತಾವು ನಿಂತು, ಮಿಣುಕುವ ಟ್ಯೂಬಿಗೆ ಮರದ ಸ್ಕೇಲಿನಿಂದ ಬಡಿಯುತ್ತಿದ್ದರು.

"ಸ್ವಿಚ್ ಆಫ್ ಮಾಡಿ ಇಳೀರಿ ಸರ."

"ಆಫ್ ಮಾಡಿದ್ರ ಎಲ್ಲಿ ಕೆಟ್ಟೈತಿ ಅಂತ ಹ್ಯಾಂಗ ಗೊತ್ತಾಗಬೇಕ್ರಿ? ಮಿಣಕುವಾಗನ ಹಿಡೀಬೇಕು!"

ವಾದ ಬೇಡವೆಂದು ಅಂಗಿಯ ತೋಳು ಮಡಚಿ ಮೊಣಕೈ ತೋರಿಸಿದೆ. ಮಾಸ್ತರರು ಕೆಳಗಿಳಿದರು. ಕನ್ನಡಕ ಸರಿಮಾಡಿಕೊಂಡು, ನನ್ನ ಕೈಯನ್ನು ಈ ಕಡೆ ಆ ಕಡೆ ಹೊರಳಿಸಿ ನೋಡಿದರು.

"ಭಾಳ ಚಲೋ ಕೋನ ಐತ್ರಿ ಇದು. ಒಂದಿನ ಬಿಡುವು ಮಾಡ್ಕೊಂಡು ಬರ್ರಿ. ಹುಡುಗೂರಿಗೆ ಚಿತ್ರಾ ಬಿಡಸಾಕ ನಿಮ್ಮನ್ನ ಕುಂದರಸ್ತೇನಿ."

ಒಂದೇ ಸ್ಟಾರ್ಟರ್

ಟ್ಯೂಬ್ ಒಮ್ಮೆ ಹತ್ತಿತೆಂದರೆ ಆಮೇಲೆ ಅದಕ್ಕೆ ಸ್ಟಾರ್ಟರ್ ಬೇಕಿಲ್ಲ, ಕಿತ್ತರೂ ಉರಿಯುತ್ತದೆ. ಈ ಗುಟ್ಟನ್ನು ಸವದತ್ತಿಯ ಒಬ್ಬ ಖಾನಾವಳಿ ಮಾಲಕನಿಗೆ ಹೇಳಿದ್ದು ನನ್ನದೇ ತಪ್ಪು. ಆತ ಆರು ಟ್ಯೂಬಿಗೆ ಒಂದೇ ಸ್ಟಾರ್ಟರ್ ಇಟ್ಟುಕೊಂಡ. ಸಂಜೆಯಾದರೆ ಒಂದನ್ನು ಹತ್ತಿಸುವುದು, ಕೀಳುವುದು, ಮುಂದಿನದಕ್ಕೆ ಹಾಕುವುದು. ಉಳಿದ ಹೊತ್ತು ಸ್ಟಾರ್ಟರ್ ಆತನ ಅಂಗಿಯ ಕಿಸೆಯಲ್ಲಿ.

ಒಂದು ಸಂಜೆ ನಾನು ಅಲ್ಲಿ ಊಟಕ್ಕೆ ಕುಳಿತಿದ್ದೆ. ಕರೆಂಟ್ ಒಂದು ಕ್ಷಣ ಹೋಗಿ ಬಂತು. ಫ್ಯಾನ್ ತಿರುಗಿದವು, ಟ್ಯೂಬ್ ಒಂದೂ ಹತ್ತಲಿಲ್ಲ. ಮಾಲಕ ಕಿಸೆಗೆ ಕೈ ಹಾಕಿ, ತಾಟುಗಳ ನಡುವೆ ಬೆಂಚು ಹತ್ತಿ ಇಳಿದು ಓಡಾಡತೊಡಗಿದ. ನನ್ನ ನೆತ್ತಿಯ ಮೇಲಿನ ಟ್ಯೂಬ್ ಹತ್ತಿಸಿ ಕೆಳಗಿಳಿಯುವಷ್ಟರಲ್ಲಿ ಕರೆಂಟ್ ಮತ್ತೆ ಹೋಗಿ ಬಂತು. ಮತ್ತೆ ಮೊದಲಿನಿಂದ ಶುರು.

"ಸ್ವಿಚ್ಚರೆ ಆರಿಸೋ ಮಾರಾಯಾ!" ಅಂತ ನಾನು ಕೂಗಿದೆ.

ಕತ್ತಲೆಯ ಮೂಲೆಯಿಂದ ಯಾರೋ ಮಾಲಕನಿಗೆ ಶಾಂತವಾಗಿ ಅಂದರು: "ಅಣ್ಣಾರ, ಆ ಪಂಕ್ತಿಗೆ ಎರಡನೇ ಸಲಾ ಬಡಸಾಕ ಹತ್ತೀರಿ. ಈ ಕಡೆ ಇನ್ನೂ ಒಮ್ಮಿನೂ ಬಂದಿಲ್ರಿ."

ದರ್ಜಿಯ ಹೆಂಡತಿಯ ಕೈ

ರಾಮದುರ್ಗದ ಒಬ್ಬ ದರ್ಜಿಯ ಅಂಗಡಿಯ ಟ್ಯೂಬ್, ಆತನ ಹೆಂಡತಿ ಗಾಜಿನ ಮೇಲೆ ಕೈ ಆಡಿಸಿದರೆ ಮಾತ್ರ ಹತ್ತುತ್ತಿತ್ತು. ಆತ ಎಷ್ಟು ಸವರಿದರೂ ಇಲ್ಲ. ಒಂದು ದಿನ ಇಬ್ಬರಿಗೂ ಜಗಳವಾಗಿ ಆಕೆ ಸಾಲಹಳ್ಳಿಯ ತವರಿಗೆ ಹೋದಳು. ಅಂಗಡಿ ಕತ್ತಲಾಯಿತು. ನನಗೆ ಫೋನ್ ಬಂತು.

ಹೋದೆ. ಕರೆಂಟ್ ಬಂದ್ ಮಾಡಿಸಿ, ಟ್ಯೂಬ್ ಮತ್ತು ಚೋಕ್ ಎರಡನ್ನೂ ಬದಲಿಸಿದೆ. ಸ್ವಿಚ್ ಹಾಕಿದೊಡನೆ ಬೆಳಕು. ದರ್ಜಿ ಅದನ್ನು ನೋಡುತ್ತ ಕುಳಿತ. ಮುಖದಲ್ಲಿ ಸಂತೋಷವೇ ಇಲ್ಲ.

"ಏನಾತು? ಹತ್ತೇತೆಲ್ಲ?"

"ಹತ್ತೇತ್ರಿ. ಆದ್ರ ಈಗ ಆಕಿನ್ನ ವಾಪಸ್ ಕರಿಯಾಕ ನಾ ಏನ ನೆವ ಹೇಳ್ಲಿ? ದಯಮಾಡಿ ಹಳೇದನ್ನ ಹಾಕಿ ಹೋಗ್ರಿ."

ನಾನು ಕೆಟ್ಟ ಮಾಲು ಕೂಡಿಸುವವನಲ್ಲ. ಅವತ್ತು ಕೂಡಿಸಿದೆ.

ಸಂಗೊಳ್ಳಿಯ ಅಮ್ಮ

ಎಲ್ಲಿ ಕೆಲಸಕ್ಕೆ ಹೋದರೂ ಮೊದಲು ಮೇನ್ ಫ್ಯೂಸ್ ಕಿತ್ತು ಮನೆಯವರ ಕೈಗೆ ಕೊಡುತ್ತೇನೆ. "ನಾನು ನೆಲಕ್ಕೆ ಇಳಿಯುವವರೆಗೆ ಯಾರು ಕೇಳಿದರೂ ಕೊಡಬಾರದು" ಎಂದು ಹೇಳುತ್ತೇನೆ. ಐದು ನಿಮಿಷಕ್ಕೆ ಯಾರೋ ಟಿವಿ ಅಂತ, ಯಾರೋ ಮೋಟರ್ ಅಂತ ತಿರುಗಿ ಹಾಕಿರುತ್ತಾರೆ.

ಸಂಗೊಳ್ಳಿಯಲ್ಲಿ ಗಾದಿ ಹೊಲಿಯುವ ಒಬ್ಬ ಮುಸಲ್ಮಾನ ಅಜ್ಜಿ. ಊರೆಲ್ಲ ಆಕೆಯನ್ನು ಅಮ್ಮ ಅನ್ನುತ್ತದೆ. ಮೊಮ್ಮಗಳನ್ನು ನೋಡಲು ಗಂಡಿನ ಕಡೆಯವರು ಬರುವ ಸಂಜೆಯೇ ಪಡಸಾಲೆಯ ಟ್ಯೂಬ್ ಕೈಕೊಟ್ಟಿತ್ತು. ಹಿಂದೆ ಎರಡು ಸಂಬಂಧ ತಪ್ಪಿದ್ದವು. ಇದಾದರೂ ಕೂಡಲೆಂದು ಅಮ್ಮನ ಜೀವ ತುದಿಗಾಲಲ್ಲಿತ್ತು. ಫ್ಯೂಸ್ ಆಕೆಗೆ ಕೊಟ್ಟು, ಎಂದಿನಂತೆ ಮೊಣಕೈ ತೋರಿಸಿ, ಸ್ಟೂಲ್ ಏರಿದೆ. ಟ್ಯೂಬ್ ಕೂರಿಸುವ ಪಟ್ಟಿಯ ಮುಚ್ಚಳ ಬಿಚ್ಚಿದೆ, ವೈರುಗಳನ್ನು ಹೊರಗೆಳೆದೆ. ದೋಷ ಸಿಗಲಿಲ್ಲ. ಹೊರಗೆ ಜೀಪು ನಿಂತ ಸದ್ದಾಯಿತು.

"ಅಮ್ಮಾ, ಒಂದು ಗಳಿಗಿ ಫ್ಯೂಸ್ ಹಾಕ್ರಿ," ಅಂದೆ.

"ನೀವು ಇನ್ನೂ ಮ್ಯಾಲೆ ಅದೀರಿ."

"ನನಗೆ ಗೊತ್ತೈತಿ. ಆಫ್ ಇದ್ರ ಎಲ್ಲಿ ಕೆಟ್ಟೈತಿ ಅಂತ ಹ್ಯಾಂಗ ಗೊತ್ತಾಗಬೇಕು?"

ಹೇಳಿ ಮುಗಿಸಿದ ಮೇಲೆ ಡ್ರಾಯಿಂಗ್ ಮಾಸ್ತರರು ನೆನಪಾದರು. ಆದರೂ ಇಳಿಯಲಿಲ್ಲ. ಅಷ್ಟರಲ್ಲಿ ಗಂಡಿನ ಕಡೆಯವರು ಒಳಗೆ ಬಂದು, ಮಬ್ಬಿನಲ್ಲಿ ತಡವರಿಸುತ್ತ ಚಾಪೆಯ ಮೇಲೆ ಕುಳಿತರು.

"ಫ್ಯೂಸ್ ಹಾಕ್ರೆಲ್ಲ ಅಮ್ಮಾ," ಅಂದರು ಗಂಡಿನ ತಂದೆ. "ಹುಡುಗಿ ಮುಖ ಕಾಣಬೇಕಲಾ? ಮೇಸ್ತ್ರಿನೇ ಹಾಕ್ರಿ ಅನ್ನಾಕತ್ತಾನ."

"ಅಂವಾ ಹೇಳತಾನ್ರಿ. ಆದ್ರ ಆ ಕೈ ಆಗಳೇ ಒಮ್ಮೆ ಮುರದೈತಿ," ಅಂದರು ಅಮ್ಮ. "ನೀವು ಚಾ ಕುಡೀರಿ. ಹುಡುಗಿ ಎಲ್ಲೂ ಓಡಿ ಹೋಗೂದಿಲ್ಲ."

ಮತ್ತೆ ಸ್ಟೂಲಿನ ಕಡೆ ತಿರುಗಿ, ನನ್ನ ಕಣ್ಣೆದುರಿಗೇ ಫ್ಯೂಸನ್ನು ಸೆರಗಿನ ತುದಿಗೆ ಕಟ್ಟಿ, ಹಲ್ಲಿನಿಂದ ಕಚ್ಚಿ ಗಂಟು ಬಿಗಿದು, ಚಾ ಸೋಸಲು ಒಳಗೆ ಹೋದರು.