ಐದನೇ ಪ್ಲಗ್ಗಿಗೆ ಪಾನಾ ಹುಡುಕಿದ ಭಾವ

1990ರ ದೀಪಾವಳಿ ರಜೆಯಲ್ಲಿ ನಮ್ಮ ಭಾವ ಒಂದೇ ಒಂದು ನಟ್ಟು ಬಿಚ್ಚುವುದಕ್ಕೆ ಮೂರು ಪಾನಾ ಕೊಂಡರು. ಮೂರನ್ನೂ ನಂಬಲಿಲ್ಲ.

ನಂಬುವುದು ಅವರ ಜಾಯಮಾನವಲ್ಲ. ಹಾಗೆಂದು ಅವರು ಯಾರನ್ನೂ ನಂಬುವುದೇ ಇಲ್ಲ ಎಂದು ಬರೆದರೆ ತಪ್ಪಾಗುತ್ತದೆ. ಗಡಿಯಾರವನ್ನು ಸ್ವಲ್ಪಮಟ್ಟಿಗೆ ನಂಬುತ್ತಾರೆ. ಆದರೆ ಗೋಡೆಯ ಗಡಿಯಾರ ಮತ್ತು ಕೈಗಡಿಯಾರ ಎರಡೂ ಒಂದೇ ಹೊತ್ತು ತೋರಿಸಿದರೆ ಹುಬ್ಬು ಗಂಟಿಕ್ಕುತ್ತಾರೆ. ಇವೆರಡೂ ಒಳಗೊಳಗೇ ಸೇರಿಕೊಂಡಿರಬಹುದಲ್ಲವೇ! ಮೂವತ್ತು ವರ್ಷ ಒಂದು ಕಂಪನಿಯ ಆಡಿಟ್ ವಿಭಾಗದಲ್ಲಿ ಕುಳಿತವರ ಕಣ್ಣಿಗೆ ಎರಡು ಲೆಕ್ಕ ತಾಳೆಯಾದರೆ ಅದೇ ಮೊದಲ ಸಂದೇಹ.

ಮೈಸೂರಿನಿಂದ ಮುಂಬಯಿಗೆ ಬಂದ ಹೊಸದರಲ್ಲೇ ಇಲ್ಲಿ ಎಲ್ಲವನ್ನೂ ಬದಲಾಯಿಸಿಬಿಡುತ್ತಾರೆ ಎಂದು ಯಾರೋ ಅವರ ಕಿವಿಯಲ್ಲಿ ಊದಿದ್ದರಂತೆ. ಅಂದಿನಿಂದ ಭಾವನ ಬಳಿ ಒಂದು ಸಣ್ಣ ಡಬ್ಬಿ ಹಸಿರು ಬಣ್ಣ, ಒಂದು ಕುಂಚ. ಕೊಡೆ, ಚಪ್ಪಲಿ, ಟಿಫಿನ್ ಡಬ್ಬಿ, ಬಾಗಿಲ ಹೊರಗಿನ ಬಲ್ಬು, ಹೀಗೆ ಮಲಾಡಿನ ಆ ಫ್ಲ್ಯಾಟಿನಲ್ಲಿ ಹಸಿರು ಚುಕ್ಕೆಯಿಲ್ಲದ ವಸ್ತು ನಾನು ಕಂಡಿಲ್ಲ. ಒಮ್ಮೆ ಗ್ಯಾಸ್ ಸಿಲಿಂಡರಿಗೂ ಚುಕ್ಕೆ ಇಟ್ಟರು. ಖಾಲಿಯಾದದ್ದನ್ನು ಒಯ್ದು ತುಂಬಿದ್ದನ್ನು ತಂದವನನ್ನು ಬಾಗಿಲಲ್ಲೇ ತಡೆದು, ತಮ್ಮ ಗುರುತಿನದನ್ನೇ ತುಂಬಿಸಿ ತರಬೇಕೆಂದು ಹಟ ಹಿಡಿದರು. ಆ ದಿನ ನಾನು ಊಟಕ್ಕೆಂದು ಅಲ್ಲಿಗೆ ಹೋಗಿದ್ದೆ. ಅಕ್ಕ ಮಜ್ಜಿಗೆ ಅವಲಕ್ಕಿ ಕೊಟ್ಟಳು.

ಅಕ್ಕ, ಅಂದರೆ ನನ್ನ ಒಡಹುಟ್ಟಿದವಳು, ದಾದರಿನ ಒಂದು ಕನ್ನಡ ಶಾಲೆಯಲ್ಲಿ ಟೀಚರು. ಇಪ್ಪತ್ತು ವರ್ಷಗಳಿಂದ ಲೋಕಲ್ ಹತ್ತಿ ಹೋಗಿ ಬರುತ್ತಿದ್ದವಳು. ಅವಳಿಗೆ ಉಬ್ಬಸ. ಏನು ಕೇಳಿದರೂ “ಏನಿಲ್ಲ” ಎನ್ನುವುದು ಅವಳ ಅಭ್ಯಾಸ. ಹಾಗೆ ಏನಿಲ್ಲ, ಏನಿಲ್ಲ ಎನ್ನುತ್ತಲೇ ಹಿಂದಿನ ವರ್ಷದ ಮಳೆಗಾಲದಲ್ಲಿ ಒಂದು ಸಂಜೆ ರೈಲಿನ ನೂಕುನುಗ್ಗಲಿನಿಂದ ಹೇಗೋ ಜೋಗೇಶ್ವರಿಯಲ್ಲಿ ಇಳಿದು ಪ್ಲಾಟ್‌ಫಾರಮ್ಮಿನ ಬೆಂಚಿನ ಮೇಲೆ ಕುಳಿತುಬಿಟ್ಟಳು. ಮಾತು ಹೊರಡುತ್ತಿರಲಿಲ್ಲ. ಕೈಚೀಲದ ಟಿಫಿನ್ ಡಬ್ಬಿಯ ಮೇಲೆ ಬರೆದಿದ್ದ ಫೋನ್ ನಂಬರಿನಿಂದ ಯಾರೋ ಭಾವನನ್ನು ಕರೆಸಿದರು. ಇನ್ನು ರೈಲಿನ ಗದ್ದಲವೂ ಬೇಡ, ಹೊಗೆಯೂ ಬೇಡ ಎಂದರು ಡಾಕ್ಟರು. ಶಾಲೆ ಬಿಡಬೇಕಾಗುತ್ತದೆ ಎಂದು ಅಕ್ಕ ನನ್ನೊಬ್ಬನ ಹತ್ತಿರ ಹೇಳಿದಳು, ಅದೂ ಹಿಟ್ಟು ಕಲಸುತ್ತ, ನನ್ನ ಮುಖ ನೋಡದೆ.

ಕೆಲವು ತಿಂಗಳಲ್ಲಿ ಭಾವ ಕಾರು ಕೊಂಡರು. ರೈಲ್ವೆಯವರ ಟೈಮ್‌ಟೇಬಲ್ ಮೇಲೆ ನಂಬಿಕೆ ಹೋಯಿತು, ಅದಕ್ಕೇ ಎಂದು ನಮಗೆಲ್ಲ ಕಾರಣ ಕೊಟ್ಟರು. ಉಡುಪಿ ಕಡೆಯ ಅವರ ಗೆಳೆಯರೊಬ್ಬರು ಹಡಗಿನಲ್ಲಿ ಎಂಜಿನಿಯರು. ಜಪಾನಿನಲ್ಲಿದ್ದಾಗ ಕೊಂಡು ತಂದ ಕಾರು ಅದು. ಕಾರಿನ ಜೊತೆ ಬಂದ ಪುಸ್ತಕವೂ ಜಪಾನಿ ಭಾಷೆಯಲ್ಲಿತ್ತು. ಓದಲು ಬಾರದ ಪುಸ್ತಕದಲ್ಲಿ ಏನನ್ನು ಬೇಕಾದರೂ ಬಚ್ಚಿಡಬಹುದು ಎಂದು ಭಾವನಿಗೆ ಅದರ ಮೇಲೂ ಗುಮಾನಿ!

ಎರಡು ತಿಂಗಳು ಕಾರು ಹೂವಿನಂತೆ ಓಡಿತು. ಅಕ್ಕ ಮುಂದಿನ ಸೀಟಿನಲ್ಲಿ ಕುಳಿತು ಶಾಲೆಗೆ ಹೋಗಿಬಂದಳು. ಆಮೇಲೆ ಸರ್ವಿಸಿಂಗಿಗೆ ಕೊಡುವ ದಿನ ಬಂತು. ಜೋಗೇಶ್ವರಿಯಲ್ಲಿ ಕಲಬುರಗಿ ಕಡೆಯ ಮಿಸ್ತ್ರಿಯೊಬ್ಬನ ಗ್ಯಾರೇಜು. ಕಾರನ್ನು ಅಲ್ಲಿ ಬಿಡುವ ಮೊದಲು ಭಾವ ಒಂದು ಇಡೀ ಭಾನುವಾರ ಬಾನೆಟ್ಟಿನೊಳಗೆ ತಲೆ ಹುದುಗಿಸಿ, ಬ್ಯಾಟರಿ, ಹಾರ್ನು, ಫ್ಯಾನ್ ಬೆಲ್ಟು, ಎಲ್ಲಕ್ಕೂ ಹಸಿರು ಬಳಿದರು. ಬಿಸಿಯಾಗುವ ಭಾಗಗಳಿಗೆ ಬಾಯ್ಲರಿಗೆ ಹಚ್ಚುವ ಬೇರೆ ಹಸಿರು ತಂದು, ಸುಟ್ಟು ಹೋಗದಿರಲೆಂದು ದಪ್ಪಗೆ ಬಳಿದರು.

ಗ್ಯಾರೇಜಿನಿಂದ ಬಂದ ಕಾರು ಹೊಗೆ ಉಗುಳತೊಡಗಿತು. ಕಪ್ಪು ಹೊಗೆ, ಒಳಗೆಲ್ಲ ಪೆಟ್ರೋಲಿನ ಕಮಟು. ಗೋರೆಗಾಂವ್ ದಾಟುವುದರೊಳಗೆ ಅಕ್ಕ ಸೆರಗನ್ನು ಮೂಗಿಗೆ ಒತ್ತಿಕೊಂಡಳು. ಭಾವ ಬಾನೆಟ್ಟು ತೆರೆದು ತಮ್ಮ ಗುರುತುಗಳನ್ನು ಪರೀಕ್ಷಿಸಿದರು. ಒಂದೂ ತಪ್ಪಿರಲಿಲ್ಲ. ಬೇರೆಯವರಾದರೆ ಸಮಾಧಾನಪಟ್ಟುಕೊಳ್ಳುತ್ತಿದ್ದರು. ಭಾವ ಬಂದ ತೀರ್ಮಾನವೇ ಬೇರೆ: ಮಿಸ್ತ್ರಿ ಸಾಮಾನನ್ನೂ ಬದಲಾಯಿಸಿದ್ದಾನೆ, ಗುರುತನ್ನೂ ನಕಲು ಮಾಡಿದ್ದಾನೆ!

ಮಿಸ್ತ್ರಿಯ ಹೇಳಿಕೆಯನ್ನೂ ದಾಖಲಿಸಬೇಕು; ಪತ್ರಿಕೆಯಲ್ಲಿ ಕೆಲಸ ಮಾಡುವವನು ಒಂದು ಕಡೆಯ ಮಾತು ಮಾತ್ರ ಬರೆಯಬಾರದು. ಅವನು ಹೊಗೆ ಹೋಗುವ ಕೊಳವೆಯ ಬುಡದಲ್ಲಿ ಸಿಕ್ಕಿಸಿದ್ದ, ಬಾಲದಂತೆ ವೈರು ಇಳಿಬಿದ್ದಿದ್ದ ಒಂದು ವಸ್ತುವನ್ನು ತೋರಿಸಿದ.

“ಸಾಹೇಬ್ರ, ನಾಕು ಸಿಲಿಂಡರ್ ಗಾಡಿಗೆ ಐದನೇ ಪ್ಲಗ್ ಯಾಕ್ರೀ? ನಾ ಅಂತೂ ಇದನ್ನ ಮುಟ್ಟಿಲ್ಲ. ಇದಽ ಕೆಟ್ಟಿರಬೇಕು. ತಗದು ಒಗದು, ತೂತಿಗೆ ವೆಲ್ಡಿಂಗ್ ಹೊಡ್ಯೂಣು.”

“ಒಗೆದದ್ದು ಯಾರಿಗೆ ಹೋಗುತ್ತೆ?” ಎಂದರು ಭಾವ.

ಹಡಗಿನ ಗೆಳೆಯರಿಗೆ ಸುದ್ದಿ ಹೋಯಿತು. ಅದು ಪ್ಲಗ್ಗಲ್ಲ, ಆಕ್ಸಿಜನ್ ಸೆನ್ಸರ್, ಹೊಗೆಯನ್ನು ಮೂಸಿ ನೋಡಿ ಪೆಟ್ರೋಲು ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ಎಂಜಿನ್ನಿಗೆ ಚಾಡಿ ಹೇಳುವ ವಸ್ತು ಎಂದು ಅವರು ಬಂದರಿನಿಂದ ಫೋನಿನಲ್ಲಿ ತಿಳಿಸಿದರು. ಹೊಸದನ್ನು ದೀಪಾವಳಿಯ ಹೊತ್ತಿಗೆ ತಾವೇ ತರುವುದಾಗಿ ಹೇಳಿದರು. ಚಾಡಿ ಹೇಳುವ ವಸ್ತು ಎಂದ ಕೂಡಲೇ ಭಾವನಿಗೆ ಅದರ ಮೇಲೆ ಪ್ರೀತಿ ಬಂತು. ಬೇರೆಯವರ ಕೈಗೆ ಕೊಡುವುದಿಲ್ಲ, ತಾವೇ ಬದಲಾಯಿಸುವುದಾಗಿ ಸಾರಿದರು.

ಅಷ್ಟರಲ್ಲಿ ಅಕ್ಕ ರಜೆಯ ಮೇಲೆ ರಜೆ ಹಾಕಿ ಮುಗಿಸಿದ್ದಳು. ದೀಪಾವಳಿ ರಜೆ ಮುಗಿದು ಶಾಲೆ ತೆರೆಯುವ ಸೋಮವಾರ ಕೆಲಸಕ್ಕೆ ಹಾಜರಾಗಬೇಕು, ಇಲ್ಲವೇ ಬಿಡಬೇಕು. ಹೆಡ್‌ಮಿಸ್ಟ್ರೆಸ್ ಹಾಗೆ ಹೇಳಿಕಳಿಸಿದ್ದರು.

ಈಗ ಪಾನಾದ ವಿಷಯ. ಸಾಧಾರಣ ನಟ್ಟಾದರೆ ಯಾವ ಪಾನಾ ಆದರೂ ನಡೆಯುತ್ತದೆ. ಇದಕ್ಕೆ ತಲೆಯ ಮೇಲೊಂದು ವೈರು, ವೈರಿನ ತುದಿಯಲ್ಲೊಂದು ಗಂಟಿನಂಥ ದಪ್ಪ ಕೊಂಡಿ. ಮೇಲಿನಿಂದ ತೊಡಿಸುವ ಪಾನಾ ಹಾಕಿದರೆ ವೈರು ಅಡ್ಡ ಬರುತ್ತದೆ. ಬಾಯಿ ತೆರೆದ ಪಾನಾ ಹಾಕಿದರೆ, ತುಕ್ಕು ಹಿಡಿದ ಜಾಗ, ಜಾರಿ ಮೂಲೆ ಸವೆಯುತ್ತದೆ. ಮೂಲೆ ಸವೆದರೆ ಕೊಳವೆಯನ್ನೇ ಕೊಯ್ಯಬೇಕು. ಹೇಗೂ ಸತ್ತದ್ದಲ್ಲವೇ, ವೈರು ಕತ್ತರಿಸಿ ಬಿಚ್ಚಿದರಾಯಿತು ಎಂದು ನಾನು ಸಲಹೆ ಕೊಟ್ಟೆ. ಭಾವ ನನ್ನನ್ನು ದಿಟ್ಟಿಸಿ ನೋಡಿದರು.

“ಸಾಕ್ಷಿ ನಾಶ ಮಾಡು ಅಂತೀಯೇನಯ್ಯಾ? ಆ ಮಿಸ್ತ್ರಿ ಎಷ್ಟು ಕೊಟ್ಟ ನಿನಗೆ?”

ನಾಗದೇವಿ ಬೀದಿಯ ಪಾನಾ ಅಂಗಡಿಗಳಿಗೆ ನನ್ನನ್ನೂ ಎಳೆದುಕೊಂಡು ಹೋದರು. ಜೇಬಿನಲ್ಲಿ ಅಯಸ್ಕಾಂತ, ಭೂತಗನ್ನಡಿ, ಒಂದು ಅರ. ಪ್ರತಿ ಪಾನಾವನ್ನೂ ನೆಲಕ್ಕೆ ತಟ್ಟಿ ಸದ್ದು ಕೇಳಿದರು, ಮೂಸಿದರು, ‘ಜಪಾನ್’ ಎಂಬ ಅಕ್ಷರಗಳನ್ನು ಉಗುರಿನಿಂದ ಕೆರೆದರು. ಪಾನಾ ಕೊಳ್ಳಲು ಬಂದಿದ್ದೀರೋ ಹೆಣ್ಣು ನೋಡಲು ಬಂದಿದ್ದೀರೋ ಎಂದು ಗುಜರಾತಿ ಸೇಠ್ ಹಿಂದಿಯಲ್ಲಿ ಕೇಳಿದ. ಹೆಣ್ಣು ನೋಡುವಾಗ ಇಷ್ಟು ನೋಡಿರಲಿಲ್ಲ ಎಂದು ಭಾವ ಗಂಭೀರವಾಗಿ ಉತ್ತರಿಸಿದರು. ಇದನ್ನು ನಾನು ಅಕ್ಕನಿಗೆ ವರದಿ ಮಾಡಿಲ್ಲ.

ಮೊದಲು ಕೊಂಡದ್ದು ಬಾಯಿ ತೆರೆದ ಪಾನಾ. ಮನೆಗೆ ಬರುವಷ್ಟರಲ್ಲಿ ಅದರ ಮೇಲೆ ವಿಶ್ವಾಸ ಹೋಗಿತ್ತು. ಎರಡನೆಯದು ಬಳೆಯಂಥದ್ದು, ಒಂದು ಕಡೆ ಸೀಳಿತ್ತು, ವೈರು ನುಸುಳುತ್ತಿತ್ತು. ಆದರೆ ಬಲ ಹಾಕಿದರೆ ಆ ಸೀಳು ಅಗಲವಾಗುತ್ತಿತ್ತು. ಮೂರನೆಯದು ಉದ್ದನೆಯ ಸಾಕೆಟ್, ಲೋಟದಂತೆ ಆಳವಾದದ್ದು. ಅದರ ಒಂದು ಮಗ್ಗುಲನ್ನು ಉದ್ದಕ್ಕೆ ಸೀಳಿಸಿದರೆ ವೈರು ಪಕ್ಕದಿಂದ ಹೊರಗೆ ಬರುತ್ತದೆ. ಹಾಗೆ ಸೀಳುವುದಕ್ಕೆ ಧಾರಾವಿಯ ಒಂದು ಲೇತ್ ಅಂಗಡಿಗೆ ಹೋದೆವು. ಅಲ್ಲಿಯವನು ಕೈಚಾಚಿದರೂ ಭಾವ ಸಾಕೆಟ್ ಬಿಡಲಿಲ್ಲ. ಒಂದು ತುದಿಯನ್ನು ಅವನು ಯಂತ್ರಕ್ಕೆ ಒಡ್ಡಿದ, ಇನ್ನೊಂದು ತುದಿಯನ್ನು ಇವರು ಇಕ್ಕಳದಲ್ಲಿ ಹಿಡಿದೇ ನಿಂತರು. ಕಿಡಿ ಹಾರಿ ಅಂಗಿಯ ತೋಳು ಜರಡಿಯಾಯಿತು. ಸಾಕೆಟ್ ಮಾತ್ರ ಬದಲಾಗಲಿಲ್ಲ!

ಪಾನಾ ಸಿದ್ಧವಾಯಿತು, ಪರೀಕ್ಷೆ ಬೇಡವೇ? ಬಿಲ್ಡಿಂಗಿನ ನೀರಿನ ಪಂಪಿನಲ್ಲಿ ಅದೇ ಅಳತೆಯ ನಟ್ಟೊಂದಿತ್ತು. ಸುಮ್ಮನೆ ಹಿಡಿತ ನೋಡುತ್ತೇನೆ ಎಂದು ಭಾವ ತಿರುಗಿಸಿದರು. ಎಷ್ಟೋ ವರ್ಷಗಳಿಂದ ಮಲಗಿದ್ದ ನಟ್ಟು ಒಮ್ಮೆಲೇ ಎದ್ದಿತು. ನಾನು ಗೋಡೆಯ ಕಡೆಗೆ ಜಿಗಿದೆ. ನರಕ ಚತುರ್ದಶಿಯ ಹಿಂದಿನ ಸಂಜೆ ಅದು. ನಮ್ಮಲ್ಲಿ ನೀರು ತುಂಬುವ ಹಬ್ಬ. ಹಂಡೆ ತೊಳೆದು ಸುಣ್ಣದ ಪಟ್ಟೆ ಬಳಿದು ಅಕ್ಕ ಕಾದಳು, ನೀರೆಲ್ಲ ಕಂಪೌಂಡಿನ ಗಟಾರದಲ್ಲಿ ಹರಿದು ಹೋಯಿತು. ಸೊಸೈಟಿಯ ಸೆಕ್ರೆಟರಿ ಮರಾಠಿಯಲ್ಲಿ ಹೇಳಿದ್ದನ್ನು ನಾನು ಇಲ್ಲಿ ಕೊಡಲಾರೆ. ಪಂಪಿನ ನಟ್ಟು ನಕಲಿ ಎಂಬುದು ಭಾವನ ಹೇಳಿಕೆ.

ಶಾಲೆ ತೆರೆಯುವ ಹಿಂದಿನ ದಿನ, ಭಾನುವಾರ ಬೆಳಿಗ್ಗೆ, ಹಡಗಿನ ಗೆಳೆಯರು ಹೊಸ ಸೆನ್ಸರ್ ತಂದರು. ಭಾವ ಕಾರಿನ ಎಂಜಿನ್ ಸ್ವಲ್ಪ ಹೊತ್ತು ಓಡಿಸಿ, ಬಿಸಿಯಾದ ಮೇಲೆ ನಿಲ್ಲಿಸಿ, ಧಾರಾವಿಯ ಪಾನಾ ತೊಡಿಸಿದರು. ಅಕ್ಕ ಮೇಲೆ ಬಾಲ್ಕನಿಯಲ್ಲಿ ನಿಂತಿದ್ದಳು. ಜಾರಲಿಲ್ಲ, ಸವೆಯಲಿಲ್ಲ; ಉಪ್ಪಿನಕಾಯಿ ಭರಣಿಯ ಮುಚ್ಚಳ ಬಿಚ್ಚಿದ ಹಾಗೆ ಬಿಚ್ಚಿಕೊಂಡಿತು. ಭಾವ ಅದನ್ನು ಬಟ್ಟೆಯಲ್ಲಿ ಹಿಡಿದು, ಭೂತಗನ್ನಡಿಯಲ್ಲಿ ಹಿಂದೆ ಮುಂದೆ ನೋಡಿದರು. ಅದರ ತಲೆಯ ಸುತ್ತ, ವೈರಿನ ಬುಡದವರೆಗೆ, ದಪ್ಪನೆಯ ಹಸಿರು.

“ಗುರುತು ನನ್ನದೇ,” ಎಂದರು. ಧ್ವನಿಯಲ್ಲಿ ಸ್ವಲ್ಪ ನಿರಾಶೆಯಿತ್ತು.

ಗೆಳೆಯರು ಅದನ್ನು ಕೈಗೆ ತೆಗೆದುಕೊಂಡರು. “ಇದಕ್ಕೆ ಬಣ್ಣ ಬಳಿದದ್ದು ಯಾರು ಮಾರಾಯ್ರೆ?”

“ನಾನೇ. ಯಾಕೆ?”

“ಇದರ ಒಂದು ತುದಿ ಹೊಗೆಯಲ್ಲಿ, ಇನ್ನೊಂದು ತುದಿ ಹೊರಗಿನ ಗಾಳಿಯಲ್ಲಿ ಇರ್ಬೇಕು. ಎರಡನ್ನೂ ಹೋಲಿಸಿಯೇ ಅದು ಕೆಲಸ ಮಾಡುವುದು. ನೀವು ಅದಕ್ಕೆ ಗಾಳಿಯೇ ಹೋಗದ ಹಾಗೆ ಮಾಡಿದ್ದೀರಲ್ಲ. ಉಸಿರು ಕಟ್ಟಿ ಸತ್ತಿದೆ ಅದು, ಮತ್ತೆಂತ?”

ಬಾಲ್ಕನಿಯಿಂದ ಅಕ್ಕ ನಕ್ಕಳು. ನಗು ಅರ್ಧಕ್ಕೆ ಕೆಮ್ಮಾಯಿತು, ಕೆಮ್ಮು ಬಹಳ ಹೊತ್ತು ನಿಲ್ಲಲಿಲ್ಲ. ಭಾವ ತಲೆಯೆತ್ತಿ ಅದು ನಿಲ್ಲುವವರೆಗೂ ಮೇಲೆ ನೋಡುತ್ತಲೇ ಇದ್ದರು. ಹೊಸದನ್ನು ಹಾಕುವಾಗ ಬಣ್ಣದ ಡಬ್ಬಿ ಪಕ್ಕದಲ್ಲೇ ಇದ್ದರೂ ಅತ್ತ ತಿರುಗಲಿಲ್ಲ. ಇಲ್ಲಿನ ಪೆಟ್ರೋಲಿನಲ್ಲಿ ಸೀಸವಿದೆ, ಇದೂ ಬಹಳ ದಿನ ಬಾಳುವುದಿಲ್ಲ ಎಂದು ಗೆಳೆಯರು ಎಚ್ಚರಿಸಿದರು. ಹೋದಾಗಲೆಲ್ಲ ಒಂದೊಂದು ತನ್ನಿ ಎಂದಷ್ಟೇ ಹೇಳಿದರು ಭಾವ.

ಆ ಮಧ್ಯಾಹ್ನ ಅವರು ಒಂದು ಡಬ್ಬಿ ಪೇಡೆ ಹಿಡಿದು ಜೋಗೇಶ್ವರಿಯ ಗ್ಯಾರೇಜಿಗೆ ಹೋದರು. ತಪ್ಪು ತಮ್ಮದೇ ಎಂದು ಹೇಳಿ ಡಬ್ಬಿ ಮುಂದೆ ಹಿಡಿದರು. ಮಿಸ್ತ್ರಿ ಡಬ್ಬಿಯನ್ನು ನೋಡಿದ, ಭಾವನನ್ನು ನೋಡಿದ, ನನ್ನನ್ನೂ ನೋಡಿದ.

“ಮೊದಲ ನೀವ್ ತಿನ್ರಿ ಸಾಹೇಬ್ರ.”

ಭಾವ ತಿಂದರು. ಅದೇ ಸರಿಯಾದ ಕ್ರಮ ಎಂದು ದಾರಿಯುದ್ದಕ್ಕೂ ಅವನನ್ನು ಹೊಗಳಿದರು.

ಸೋಮವಾರ ಬೆಳಿಗ್ಗೆ ಅಕ್ಕ ಮುಂದಿನ ಸೀಟಿನಲ್ಲಿ, ನಾನು ಹಿಂದೆ. ಹೊಗೆ ಕಾಣಲಿಲ್ಲ, ವಾಸನೆ ನನ್ನ ಮೂಗಿಗಂತೂ ಬರಲಿಲ್ಲ. ಭಾವ ಹೇಗಿದೆ ಎಂದು ಕೇಳಲಿಲ್ಲ. ಕೇಳಿದರೆ ಏನು ಉತ್ತರ ಬರುತ್ತದೆಂದು ಅವರಿಗೆ ಗೊತ್ತು. ಗೋರೆಗಾಂವಿನ ಸಿಗ್ನಲ್ಲಿನಲ್ಲಿ ಗೇರು ಬದಲಿಸುತ್ತ, “ಹನ್ನೊಂದರ ಮಗ್ಗಿ ಹೇಳು,” ಎಂದರು.

“ಈಗಲಾ? ಯಾಕ್ರೀ?”

“ಟೀಚರಲ್ವಾ, ಹೇಳು. ಒಂದೇ ಉಸಿರಿಗೆ.”

ಅಕ್ಕ ಹೇಳಿದಳು. ಜೋಗೇಶ್ವರಿಯಲ್ಲಿ ಹನ್ನೆರಡು. ಭಾವನ ಕಣ್ಣು ರಸ್ತೆಯ ಮೇಲಿತ್ತು, ತಲೆ ಮಾತ್ರ ಕಿವಿ ಕೊಟ್ಟು ಅವಳ ಕಡೆಗೆ ಸ್ವಲ್ಪ ವಾಲಿತ್ತು. ಅಂಧೇರಿಯಲ್ಲಿ ಹದಿಮೂರು ಮುಗಿಸಿದಾಗ ಅವಳಿಗೆ ಅರ್ಥವಾಗಿರಬೇಕು.

“ನನ್ನ ಮೇಲೂ ಅನುಮಾನವಾ?”

“ನಿನ್ನ ಮೇಲೇ ಜಾಸ್ತಿ. ಹದಿನಾಲ್ಕು ಹೇಳು.”

ಅಕ್ಕ ಕಿಟಕಿಯ ಕಡೆಗೆ ಮುಖ ತಿರುಗಿಸಿಕೊಂಡು ಹದಿನಾಲ್ಕು ಹೇಳಿದಳು. ಬಾಂದ್ರಾದಲ್ಲಿ ಹದಿನೇಳು, ಮಾಹಿಮಿನಲ್ಲಿ ಹದಿನೆಂಟು. ದಾದರಿನಲ್ಲಿ ಶಾಲೆಯ ಗೇಟಿನ ಮುಂದೆ ಕಾರು ನಿಂತಿತು. ಹತ್ತೊಂಬತ್ತರ ಮಗ್ಗಿ ಹತ್ತೊಂಬತ್ಹತ್ಲ ನೂರ ತೊಂಬತ್ತಕ್ಕೆ ಮುಟ್ಟುವವರೆಗೆ ಅಕ್ಕ ಇಳಿಯಲಿಲ್ಲ. ಉಸಿರು ಎಲ್ಲೂ ತಡೆಯಲಿಲ್ಲ. ಭಾವ ಸ್ಟಿಯರಿಂಗಿನ ಮೇಲಿದ್ದ ಎರಡೂ ಕೈಗಳನ್ನು ತೆಗೆದು ಮಡಿಲಲ್ಲಿಟ್ಟುಕೊಂಡರು. ಹಿಂದಿನ ವಾಹನಗಳು ಹಾರ್ನ್ ಹೊಡೆಯುವವರೆಗೂ ಹಾಗೇ ಕುಳಿತಿದ್ದರು.

ಇದಾಗಿ ಎರಡು ವರ್ಷ. ಸೆನ್ಸರ್ ಎರಡು ಸಲ ಬದಲಾಗಿದೆ. ಅಕ್ಕ ಅದೇ ಶಾಲೆಯಲ್ಲಿದ್ದಾಳೆ. ಈ ವಾರ ಇಪ್ಪತ್ತಮೂರರ ಮಗ್ಗಿ ನಡೆಯುತ್ತಿದೆ.